ಎರಡು ಪಕ್ಷಗಳು ಮತ್ತು ಮಾಣಿಯ ಬಕ್ಷೀಸು

ಅಮೆರಿಕಾ ಸಂಯುಕ್ತ ಸಂಸ್ಥಾನದ ರಾಜಕಾರಣವೆಂದರೆ ದೂರದ ದೊಡ್ಡವರ ವ್ಯವಹಾರ. ಮುಂಬಯಿಯ ಹೋಟೆಲಿನಲ್ಲಿ ಬೆವರು ಸುರಿಸುವವನಿಗೂ ಕಚೇರಿಯ ಕಡತಗಳ ನಡುವೆ ಹಗಲು ಕಳೆಯುವ ಗುಮಾಸ್ತನಿಗೂ ಅದರಿಂದ ಆಗಬೇಕಾದುದೇನು ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ 2024ರ ಅಧ್ಯಕ್ಷ ಚುನಾವಣೆಯಲ್ಲಿ ಆ ದೇಶದ ಎರಡು ಮಹಾಪಕ್ಷಗಳೂ ಪೈಪೋಟಿಯಿಂದ ಎತ್ತಿಕೊಂಡ ವಿಷಯಗಳಲ್ಲೊಂದು, ಗಿರಾಕಿಯು ಮಾಣಿಗೆ ಕೊಡುವ ಬಕ್ಷೀಸು! ಬಕ್ಷೀಸಿನ ಮೇಲಿನ ತೆರಿಗೆಯನ್ನು ತೆಗೆದುಹಾಕುವೆನೆಂದು ರಿಪಬ್ಲಿಕನ್ ಪಕ್ಷದ ಟ್ರಂಪ್ ಅವರು ಜೂನ್ ತಿಂಗಳಲ್ಲಿ ಲಾಸ್ ವೇಗಸ್ ನಗರದಲ್ಲಿ ಸಾರಿದರು. ಆಗಸ್ಟಿನಲ್ಲಿ ಡೆಮೊಕ್ರಾಟಿಕ್ ಪಕ್ಷದ ಕಮಲಾ ಹ್ಯಾರಿಸ್ ಅವರು ಹೋಟೆಲುಗಳಿಂದಲೇ ಬದುಕುವ ಅದೇ ನಗರದಲ್ಲಿ ಅದೇ ಮಾತನ್ನಾಡಿದರು. ಹಾಗಾದರೆ ಈ ಪಕ್ಷಗಳಿಗಿರುವ ಭೇದವಾದರೂ ಏನು? ಇರುವುದು ಬರಿಯ ಹೆಸರಿನ ಭೇದವೇ?

ಆ ದೇಶದಲ್ಲಿ ಪಕ್ಷಗಳು ಎರಡೇ ಆಗಿ ಉಳಿದುದಕ್ಕೆ ಚುನಾವಣೆಯ ಪದ್ಧತಿಯೇ ಮುಖ್ಯ ಕಾರಣ. ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವನೇ ಗೆದ್ದವನು. ಮೂರನೆಯವನಿಗೆ ಹಾಕಿದ ಮತ ವ್ಯರ್ಥವಾದೀತೆಂಬ ಅಂಜಿಕೆ ಮತದಾರನಿಗೆ. ಅಧ್ಯಕ್ಷರ ಆಯ್ಕೆಯಲ್ಲಂತೂ ಬಹುತೇಕ ಸಂಸ್ಥಾನಗಳಲ್ಲಿ ಮುಂದಿರುವವನಿಗೇ ಆ ಸಂಸ್ಥಾನದ ಸಮಸ್ತ ಪ್ರತಿನಿಧಿ ಮತಗಳೂ ಸಲ್ಲುತ್ತವೆ. ನಮ್ಮಲ್ಲಿಯೂ ಎಣಿಕೆಯ ಕ್ರಮ ಅಂಥದೇ ಆದರೂ ಭಾಷೆ, ಪ್ರಾಂತ, ಜಾತಿಗಳ ವೈವಿಧ್ಯದಿಂದಾಗಿ ಪಕ್ಷಗಳು ಹಲವಾದವು. ಅಲ್ಲಿಯಾದರೋ ನೂರೈವತ್ತು ವರ್ಷಗಳಿಗೂ ಮಿಕ್ಕಿ ಅಧ್ಯಕ್ಷ ಪದವಿಯು ಈ ಎರಡು ಪಕ್ಷಗಳ ಕೈದಾಟಿ ಹೋಗಿಲ್ಲ.

ಹೆಸರನ್ನು ನಂಬಿದವನು ಮೋಸಹೋಗುವನೆಂಬುದಕ್ಕೆ ಅವುಗಳ ಚರಿತ್ರೆಯೇ ಸಾಕ್ಷಿ. 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷವು ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸಿ ನಿಂತ ಪಕ್ಷ. ಲಿಂಕನ್ ಅವರ ಪಕ್ಷ. ದಕ್ಷಿಣದ ಗುಲಾಮ ಒಡೆಯರು ಆಶ್ರಯಿಸಿದ್ದುದು ಡೆಮೊಕ್ರಾಟಿಕ್ ಪಕ್ಷವನ್ನು. 1964ರಲ್ಲಿ ನೀಗ್ರೋ ಪ್ರಜೆಗಳ ಸಮಾನ ಹಕ್ಕಿನ ಶಾಸನಕ್ಕೆ ಸಹಿ ಹಾಕಿದ ಜಾನ್ಸನ್ ಅವರೂ ಡೆಮೊಕ್ರಾಟರೇ! ತರುವಾಯ ದಕ್ಷಿಣದ ಬಿಳಿಯ ಮತದಾರರು ಕ್ರಮೇಣ ರಿಪಬ್ಲಿಕನ್ ಪಾಳೆಯಕ್ಕೆ ಸರಿದರು. ಆನೆಯ ಚಿಹ್ನೆ, ಕತ್ತೆಯ ಚಿಹ್ನೆಗಳು ಇದ್ದಂತೆಯೇ ಇವೆ. ಅವುಗಳ ಬೆನ್ನೇರಿದ ಸವಾರರು ಮಾತ್ರ ಬದಲಾದರು.

ಇಂದಿನ ಭೇದವನ್ನು ಪಕ್ಷಪಾತವಿಲ್ಲದೆ ಹೇಳುವುದಾದರೆ ಹೀಗೆ: ತೆರಿಗೆ ಕಡಿಮೆಯಿರಬೇಕು, ವ್ಯಾಪಾರದಲ್ಲಿ ಸರಕಾರದ ಕೈ ಹಗುರವಾಗಿರಬೇಕು, ಆಗ ಉದ್ಯೋಗವೂ ವೇತನವೂ ತಾವಾಗಿ ಬೆಳೆಯುವವೆಂಬುದು ರಿಪಬ್ಲಿಕನ್ನರ ವಾದ. ದುಡಿಯುವವನ ವೇತನಕ್ಕೆ, ರೋಗಿಯ ಔಷಧಕ್ಕೆ, ಮುದುಕನ ಊಟಕ್ಕೆ ಕೇಂದ್ರ ಸರಕಾರವೇ ಒಂದು ತಳಹದಿಯನ್ನು ಹಾಕಿಕೊಡಬೇಕೆಂಬುದು ಡೆಮೊಕ್ರಾಟರ ವಾದ. 2010ರ ಆರೋಗ್ಯ ವಿಮೆಯ ಶಾಸನಕ್ಕೆ ಸಂಸತ್ತಿನ ಅಂತಿಮ ಮತದಾನದಲ್ಲಿ ಒಬ್ಬ ರಿಪಬ್ಲಿಕನ್ ಸದಸ್ಯನ ಮತವೂ ಬೀಳಲಿಲ್ಲ. ಆದುದರಿಂದ ಎರಡೂ ಒಂದೇ ಎಂದು ತಳ್ಳಿಬಿಡುವುದು ವಿವೇಕವಲ್ಲ.

ಆದರೆ ಸಿದ್ಧಾಂತವನ್ನು ಅಳೆಯಬೇಕಾದುದು ಭಾಷಣದಿಂದಲ್ಲ, ಶಾಸನದಿಂದ. ರೂಸ್ವೆಲ್ಟರ ಕಾಲದಲ್ಲಿ, 1938ರಲ್ಲಿ, ಗಂಟೆಗೆ 25 ಸೆಂಟುಗಳ ಕನಿಷ್ಠ ವೇತನ ಗೊತ್ತಾಯಿತು. ಹೋಟೆಲಿನವರಿಗೆ ಅದು ತಲಪಲು 1966ರ ತಿದ್ದುಪಡಿ ಬರಬೇಕಾಯಿತು. ಬಂದಾಗಲೂ, ಬಕ್ಷೀಸು ಪಡೆಯುವವನ ಕನಿಷ್ಠ ವೇತನದಲ್ಲಿ ಅರ್ಧದವರೆಗೆ ಆ ಬಕ್ಷೀಸಿನಿಂದಲೇ ವಜಾ ಹಾಕಿಕೊಳ್ಳಲು ಮಾಲಕನಿಗೆ ಅವಕಾಶವನ್ನಿತ್ತರು. 1991ರಲ್ಲಿ ಮಾಲಕನು ಕೊಡಬೇಕಾದ ಪಾಲು ಗಂಟೆಗೆ 2 ಡಾಲರ್ 13 ಸೆಂಟ್ ಆಯಿತು. 1996ರಲ್ಲಿ ಸಾಮಾನ್ಯ ಕನಿಷ್ಠ ವೇತನವನ್ನು ಏರಿಸಿದ ಶಾಸನವೇ ಈ ಪಾಲನ್ನು ಇದ್ದಲ್ಲಿಗೇ ಕಟ್ಟಿಹಾಕಿತು. ಆಗ ಸಂಸತ್ತು ರಿಪಬ್ಲಿಕನ್ನರ ಕೈಯಲ್ಲಿತ್ತು. ಸಹಿ ಹಾಕಿದ ಕ್ಲಿಂಟನ್ ಅವರು ಡೆಮೊಕ್ರಾಟರು. ಸಾಮಾನ್ಯ ವೇತನವು 2009ರಲ್ಲಿ 7 ಡಾಲರ್ 25 ಸೆಂಟಿಗೆ ಏರಿ ನಿಂತುಬಿಟ್ಟಿತು. ಮಾಣಿಯ ಪಾಲು ಅಂದಿನಿಂದ ಇಂದಿನವರೆಗೂ ಅಲುಗಲಿಲ್ಲ. ಎರಡೂ ಸೇರಿ 7 ಡಾಲರ್ 25 ಸೆಂಟ್ ಆಗದಿದ್ದರೆ ಕೊರತೆಯನ್ನು ಮಾಲಕನು ತುಂಬಿಕೊಡಬೇಕೆಂಬ ನಿಯಮವೇನೋ ಇದೆ. 2021ರಲ್ಲಿ ಕನಿಷ್ಠ ವೇತನವನ್ನು 15 ಡಾಲರಿಗೇರಿಸುವ ಸೂಚನೆಯು ಸೆನೆಟಿನಲ್ಲಿ 42ಕ್ಕೆ 58 ಮತಗಳಿಂದ ಬಿದ್ದುಹೋಯಿತು. ರಿಪಬ್ಲಿಕನ್ನರು 50 ಮಂದಿಯೂ ವಿರೋಧಿಸಿದರು. ಡೆಮೊಕ್ರಾಟರ ಬಣದ 8 ಮಂದಿ ಅವರ ಜೊತೆಗೂಡಿದರು. ಭೇದವಿದೆ, ಸತ್ಯ, ಆದರೆ ಭಾಷಣದಲ್ಲಿ ಕೇಳಿಬರುವಷ್ಟು ಇಲ್ಲ.

ಈಗ ಬಕ್ಷೀಸಿನ ಲೆಕ್ಕಕ್ಕೆ ಬರೋಣ. ವರ್ಷಗಟ್ಟಲೆ ಹೋಟೆಲಿನ ಗಲ್ಲೆಯ ಮೇಲೆ ಕುಳಿತ ಅನುಭವದಿಂದ ನಾವು ಈ ಮಾತನ್ನು ಬರೆಯುತ್ತಿದ್ದೇವೆ. ಸಂಬಳ ಬರುವುದು ಮಾಲಕನ ಗಲ್ಲೆಯಿಂದ, ಬಕ್ಷೀಸು ಬರುವುದು ಗಿರಾಕಿಯ ಕಿಸೆಯಿಂದ, ತೆರಿಗೆಯ ವಿನಾಯಿತಿ ಬರುವುದು ಸರಕಾರದ ಬೊಕ್ಕಸದಿಂದ. ಬಕ್ಷೀಸಿನ ತೆರಿಗೆಯನ್ನು ತೆಗೆದರೆ ಮಾಲಕನಿಗೆ ಬಿಡಿಗಾಸಿನ ಹೊರೆಯೂ ಇಲ್ಲ. ವೇತನವನ್ನೇರಿಸಿದರೆ ಹೊರೆ ನೇರವಾಗಿ ಗಲ್ಲೆಯ ಮೇಲೆ. ಮೊದಲನೆಯದರಲ್ಲಿ ಎರಡು ಪಕ್ಷಗಳೂ ಸುಲಭವಾಗಿ ಒಂದಾದುದರ ಮರ್ಮವಿದು. ಹ್ಯಾರಿಸ್ ಅವರು ಲಾಸ್ ವೇಗಸಿನಲ್ಲಿ ಕನಿಷ್ಠ ವೇತನವನ್ನೂ ಏರಿಸುವ ಮಾತನ್ನು ಸೇರಿಸಿದ್ದರು. ನಿಜವಾದ ಭೇದವು ಆ ಎರಡನೆಯ ಮಾತಿನಲ್ಲಿತ್ತು.

ಟ್ರಂಪ್ ಅವರು 2025ರ ಜುಲೈ 4ರಂದು ಸಹಿ ಹಾಕಿದ ಶಾಸನದಂತೆ ವರ್ಷಕ್ಕೆ 25,000 ಡಾಲರುಗಳವರೆಗಿನ ಬಕ್ಷೀಸಿಗೆ 2028ರ ತನಕ ಕೇಂದ್ರ ವರಮಾನ ತೆರಿಗೆಯಿಲ್ಲ. ಕೊಟ್ಟ ಮಾತು ನಡೆಯಿತೆಂದು ಒಪ್ಪಲೇಬೇಕು. ಆದರೆ ಮೊದಲೇ ತೆರಿಗೆ ಕಟ್ಟುವಷ್ಟು ವರಮಾನವಿಲ್ಲದ ಬಡ ಮಾಣಿಗೆ ಇದರಿಂದ ದಕ್ಕುವುದೇನೂ ಇಲ್ಲ. ಅದೇ ಶಾಸನದ ಮತ್ತೊಂದು ಭಾಗವು ಬಡವರ ವೈದ್ಯಕೀಯ ನೆರವಾದ ಮೆಡಿಕೇಯ್ಡ್ ಯೋಜನೆಯ ವೆಚ್ಚವನ್ನು ಕಡಿತಗೊಳಿಸಿತು. ದೃಢಕಾಯರು ದುಡಿದೇ ನೆರವು ಪಡೆಯಲೆಂದು ರಿಪಬ್ಲಿಕನ್ನರೆಂದರು. ಬಡವನ ಔಷಧವನ್ನು ಕಸಿಯಬೇಡಿರೆಂದು ಡೆಮೊಕ್ರಾಟರು ಒಬ್ಬರೂ ಬಿಡದೆ ವಿರುದ್ಧ ಮತವಿತ್ತರು. ಬಲಗೈ ಕೊಟ್ಟುದನ್ನು ನೋಡುವವನು ಎಡಗೈ ತೆಗೆದುದನ್ನೂ ನೋಡಬೇಡವೇ?

ಎರಡೇ ಪಕ್ಷಗಳ ನಡುವೆ ಸಿಕ್ಕ ಮತದಾರನು ನಿರುಪಾಯನೆಂದು ಎಣಿಸಬೇಕಾಗಿಲ್ಲ. 2020ರಲ್ಲಿ ಫ್ಲಾರಿಡಾ ಸಂಸ್ಥಾನವು ಟ್ರಂಪ್ ಅವರನ್ನು ಗೆಲ್ಲಿಸಿತು. ಅದೇ ದಿನ, ಕನಿಷ್ಠ ವೇತನವನ್ನು ಹಂತ ಹಂತವಾಗಿ 15 ಡಾಲರಿಗೆ ಏರಿಸುವ ಪ್ರಶ್ನೆಗೆ ಅದೇ ಜನರು ಶೇಕಡಾ 60ಕ್ಕೂ ಮಿಕ್ಕಿದ ಮತವಿತ್ತರು. ಪಕ್ಷವನ್ನು ತಮ್ಮ ಇಚ್ಛೆಯಂತೆ ಆರಿಸಿಕೊಂಡರೂ ಹೊಟ್ಟೆಯ ಪ್ರಶ್ನೆಯನ್ನು ಪಕ್ಷಕ್ಕೆ ಒತ್ತೆಯಿಡಲಿಲ್ಲ.

ನಾಡುಬಿಟ್ಟು ದುಡಿಯಬಂದ ನಮ್ಮ ಬಾಂಧವರು ಕಲಿಯಬೇಕಾದ ಪಾಠವೂ ಇದೇ. ಚುನಾವಣೆ ಊರಿನದಿರಲಿ, ಮುಂಬಯಿಯದಿರಲಿ, ಬಾವುಟದ ಬಣ್ಣವನ್ನು ನೋಡಿ ಮರುಳಾಗಬೇಡಿರಿ. ನಮ್ಮ ಬಾಗಿಲಿಗೆ ಬಂದವರನ್ನು ಎರಡೇ ಪ್ರಶ್ನೆ ಕೇಳಿರಿ: ನೀವು ಕೊಡುವೆವೆನ್ನುವುದು ಯಾರ ಗಂಟಿನಿಂದ? ಹಿಂದೆ ಅಧಿಕಾರವಿದ್ದಾಗ ಶಾಸನದಲ್ಲಿ ಬರೆದುದೇನು? ಪಕ್ಷಗಳು ಎರಡಿರಲಿ, ಇಪ್ಪತ್ತಿರಲಿ, ಅವುಗಳ ಭೇದವು ಈ ಪ್ರಶ್ನೆಗಳ ಉತ್ತರದಲ್ಲಿದೆ. ಬಕ್ಷೀಸು ಗಿರಾಕಿಯ ಔದಾರ್ಯ. ಸಂಬಳ ದುಡಿದವನ ಹಕ್ಕು. ಔದಾರ್ಯವನ್ನು ತೋರಿಸಿ ಹಕ್ಕನ್ನು ಮರೆಸಲು ಯಾವ ಪಕ್ಷಕ್ಕೂ ಎಡೆಗೊಡಬಾರದು.