ಗಾಳಿಗೆ ತೂರಿದ ಹಣ

ನಮ್ಮ ಕನ್ನಡ ಬಾಂಧವರಲ್ಲಿ ಲಾರಿ ಇಟ್ಟು ಸಂಸಾರ ನಡೆಸುವವರಿದ್ದಾರೆ. ‘ಈ ಏರ್ ಇನ್‌ಟೇಕ್ ಕೂಡಿಸಿ, ಡೀಸೆಲ್ ಉಳಿಸಿ’ ಎಂಬ ವ್ಯಾಪಾರಿಗಳ ಮಾತಿಗೆ ಅವರು ಮರುಳಾಗುವುದನ್ನು ಕಂಡು ನಾವು ಸುಮ್ಮನಿರಲಾರೆವು.

ಡೀಸೆಲ್ ಎಂಜಿನ್ನಿಗೆ ಗಾಳಿಯ ಬರವಿಲ್ಲ. ಉರಿಯಲು ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನು ಟರ್ಬೋ ಒತ್ತಿ ತುಂಬುತ್ತದೆ. ಡೀಸೆಲನ್ನು ಅಳೆದು ಕೊಡುವುದು ಇಂಜೆಕ್ಟರು. ಕಂಪನಿಯ ಫಿಲ್ಟರು ಶುಚಿಯಾಗಿದ್ದರೆ ಹೊಸ ಕೊಳವೆ ಯಾವ ಕೊರತೆಯನ್ನು ನೀಗೀತು? ಅಮೆರಿಕದ ಓಕ್ ರಿಜ್ ಪ್ರಯೋಗಾಲಯ 2009ರಲ್ಲಿ ಹೊಸ ಕಾಲದ ಪೆಟ್ರೋಲ್ ಕಾರುಗಳ ಫಿಲ್ಟರನ್ನು ಬೇಕೆಂದೇ ಕಟ್ಟಿಸಿ ನೋಡಿದಾಗಲೂ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸೋಸುವುದು ಸಡಿಲವಾದರೆ ಮಾತ್ರ ಧೂಳು ಒಳನುಗ್ಗಿ ಪಿಸ್ಟನ್ ರಿಂಗು, ಸಿಲಿಂಡರು ಸವೆಯುತ್ತವೆ.

‘ಹಾಕಿಸಿದ ಮೇಲೆ ಮೈಲೇಜ್ ಹೆಚ್ಚಿತು’ ಎನ್ನುವವರಿಗೆ ನಮ್ಮ ಪ್ರಶ್ನೆ: ಬೋರ್‌ಘಾಟ್ ಏರುವ ತುಂಬಿದ ಲಾರಿಗೂ ಇಳಿಯುವ ಖಾಲಿ ಲಾರಿಗೂ ಒಂದೇ ಲೆಕ್ಕವೇ?

ನೋವಿನ ಸಂಗತಿ ಬೇರೆಯೇ ಇದೆ. ಉಳಿತಾಯ ಕಾಣದಿದ್ದಾಗ ಮಾಲೀಕರ ಸಂಶಯ ಡ್ರೈವರನ ಮೇಲೆ ತಿರುಗುತ್ತದೆ. ನಮ್ಮನ್ನು ನಂಬಿ ಊರು ಬಿಟ್ಟು ಬಂದವನಿಗೆ ಡೀಸೆಲ್ ಕಳ್ಳನೆಂಬ ಹೆಸರು! ಇದು ನ್ಯಾಯವೇ?

ಟೈರಿನ ಗಾಳಿ ನೋಡಿಸಿ, ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ನಿಧಾನವಾಗಿ ಓಡಿಸಲು ಅವನಿಗೆ ಸಮಯ ಕೊಡಿ. ಉಳಿತಾಯ ಇರುವುದು ಅಲ್ಲಿ.