ಸರ್ ಎಂ.ವಿ. ಫೋಟೋಗೆ ಹಾರ ಹಾಕಿದವರಿಗೆ ಒಂದು ಪ್ರಶ್ನೆ

ನಿನ್ನೆ ಸೆಪ್ಟೆಂಬರ್ 15, ಇಂಜಿನಿಯರ್ಸ್ ಡೇ. ವಾಟ್ಸಾಪ್ ತುಂಬಾ ಪೇಟ ತೊಟ್ಟ ಅದೇ ಫೋಟೋ, ಕೆಳಗೆ ಅದೇ ಕುಹಕ: ಮೀಸಲಾತಿ ಇಲ್ಲದ ಕಾಲದ ಪ್ರತಿಭೆ ನೋಡಿ ಅಂತ. ಸುಮ್ಮನಿರೋಕೆ ಆಗಲಿಲ್ಲ.

ಮೊದಲು ಒಪ್ಪೋದನ್ನ ಒಪ್ಪಿಬಿಡೋಣ. 1920ರ ದಶಕದಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ಅದರ ಅಧ್ಯಕ್ಷರಾಗಿ ಹೋದ ವಿಶ್ವೇಶ್ವರಯ್ಯನವರು, ದುಬಾರಿ ವಿದೇಶಿ ತಜ್ಞರ ಜಾಗಕ್ಕೆ ಇಲ್ಲಿಯವರನ್ನೇ ತಯಾರು ಮಾಡಿದರು. ಆ ಕೆಲಸಕ್ಕೆ ಬರಬೇಕಿದ್ದ ಹಣವನ್ನ ತಾವು ಇಟ್ಟುಕೊಳ್ಳದೆ ಕಸುಬು ಕಲಿಸೋ ಶಾಲೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಕೆ.ಆರ್. ಸರ್ಕಲ್ ಹತ್ತಿರ ಎಸ್‌ಜೆಪಿ ಅಂತ ಕರೀತೀವಲ್ಲ, ಆ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ 1943ರಲ್ಲಿ ಹುಟ್ಟಿದ್ದು ಹಾಗೆ. ನನ್ನ ಲೆಕ್ಕದಲ್ಲಿ ಇದು ಅಣೆಕಟ್ಟಿಗಿಂತ ದೊಡ್ಡ ಕೆಲಸ.

ಆದರೆ ಇವರೇ 1918ರಲ್ಲಿ ದಿವಾನರಾಗಿದ್ದಾಗ ಏನು ಮಾಡಿದರು? ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೂ ಪಾಲು ಸಿಗಲಿ ಅಂತ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ಆಡಳಿತದ ದಕ್ಷತೆ ಕೆಡುತ್ತೆ ಅಂತ ದಿವಾನರು ವಿರೋಧಿಸಿದರು, ಆ ವರ್ಷದ ಕೊನೆಗೆ ಹುದ್ದೆಯನ್ನೇ ಬಿಟ್ಟರು. (ಆ ಸಮಿತಿಯಿಂದ ನಮ್ಮ ಕೇರಿಗೆ ಎಷ್ಟು ಬಂತು ಅನ್ನೋದು ಬೇರೆ ಜಗಳ. ಇನ್ನೊಂದು ದಿನ ಆಡೋಣ.)

ಈಗ ಹೇಳಿ. ಬಾರದ ಕೆಲಸ, ಜಾಗ ಕೊಟ್ಟು ಕಲಿಸಿದರೆ ಬರುತ್ತೆ ಅಂತ ಭದ್ರಾವತಿಯಲ್ಲಿ ತೋರಿಸಿಕೊಟ್ಟವರು ಅವರೇ. ಮೀಸಲಾತಿ ಕೇಳೋದೂ ಅಷ್ಟೇ ಅಲ್ವಾ? ಕುಲುಮೆ ಮುಂದೆ ಸರಿ ಅನ್ನಿಸಿದ ನ್ಯಾಯ ಕಚೇರಿಯ ಕುರ್ಚಿಗೆ ಯಾಕೆ ಬೇಡ?

ಇನ್ನು ನಮ್ಮವರಿಗೆ ಅಪ್ರೆಂಟಿಸ್ ತರಬೇತಿ ಹೊಸದೇನಲ್ಲ. ತೊಗಲು ಹದ ಮಾಡೋದು, ತಮಟೆ ಬಿಗಿಯೋದು, ಚಪ್ಪಲಿ ಹೊಲಿಯೋದು ಅಪ್ಪನ ಪಕ್ಕ ಕೂತು ಕಲಿತವರು ನಾವು. ಸ್ಟೈಪೆಂಡ್ ಇಲ್ಲ, ಸರ್ಟಿಫಿಕೇಟ್ ಇಲ್ಲ, ಸಿಕ್ಕಿದ್ದು ಅಸ್ಪೃಶ್ಯತೆ ಮಾತ್ರ. ಅಪ್ಪ ಇಳಿದ ಗುಂಡಿಗೇ ಮಗನೂ ಇಳಿಯೋದು ಇವತ್ತಿಗೂ ನಿಂತಿಲ್ಲ. ಅದಕ್ಕೇ ಲೇತ್ ಮುಂದಿನ ಜಾಗ ನಮಗೆ ಬರೀ ಕೆಲಸವಲ್ಲ, ಜಾತಿ ಕಸುಬಿನಿಂದ ಹೊರಬರೋ ಬಾಗಿಲು.

ಆ ಬಾಗಿಲಿಗೆ ಕಾನೂನೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ 3ಎ ಕಲಂ ಪ್ರಕಾರ ಎಸ್‌ಸಿ, ಎಸ್‌ಟಿಯವರಿಗೆ ತರಬೇತಿ ಜಾಗ ಮೀಸಲಿಡಬೇಕು. ಅದೇ ಕಾಯ್ದೆಯ 18ನೇ ಕಲಂ ಮಾತ್ರ ಅಪ್ರೆಂಟಿಸ್ ಕಾರ್ಮಿಕನೇ ಅಲ್ಲ ಅನ್ನುತ್ತೆ! ನಮ್ಮ ಕೇರಿ ಹುಡುಗನೊಬ್ಬ ಐಟಿಐ ಫಿಟ್ಟರ್ ಮುಗಿಸಿ ಒಂದು ಕಾರ್ಖಾನೆಯಲ್ಲಿ ವರ್ಷವಿಡೀ ಶಿಫ್ಟ್ ದುಡಿದ. ವರ್ಷ ತುಂಬಿದ ದಿನ ಗೇಟ್ ಪಾಸ್ ಕಿತ್ಕೊಂಡು ಕಳಿಸಿದರು. ಮಾರನೇ ದಿನ ಅದೇ ಮಷಿನ್‌ಗೆ ಹೊಸ ಅಪ್ರೆಂಟಿಸ್.

ಅಷ್ಟೇಕೆ, ಸರ್ ಎಂ.ವಿ. ಹೆಸರೇ ಹೊತ್ತ ಭದ್ರಾವತಿಯ ವಿಐಎಸ್‌ಎಲ್ ಮುಚ್ಚೋಕೆ 2023ರ ಜನವರಿಯಲ್ಲಿ ಸೈಲ್ ತೀರ್ಮಾನಿಸಿದಾಗ ಗುತ್ತಿಗೆ ಕಾರ್ಮಿಕರು ಬೀದಿಗೆ ಬಂದರು. ನಿನ್ನೆ ಫೋಟೋ ಹಂಚಿದವರಲ್ಲಿ ಎಷ್ಟು ಜನ ಅವತ್ತು ಬಾಯಿ ಬಿಟ್ಟಿದ್ದರು?

ಗೆಳೆಯರೇ, ನಿಮ್ಮ ಜಿಲ್ಲೆಯ ಸಾರ್ವಜನಿಕ ವಲಯದ ಕಾರ್ಖಾನೆಗಳಿಗೆ ಆರ್‌ಟಿಐ ಹಾಕಿ. 3ಎ ಅಡಿ ಎಷ್ಟು ಜಾಗ, ಎಷ್ಟು ತುಂಬಿದೆ, ಎಷ್ಟು ಜನಕ್ಕೆ ಕಾಯಂ ಕೆಲಸ ಸಿಕ್ಕಿದೆ, ಕೇಳಿ. ಅರ್ಜಿ ಬರೆಯೋಕೆ ಸಹಾಯ ಬೇಕಾದವರು ಕಾಮೆಂಟಲ್ಲಿ ತಿಳಿಸಿ. ಜೈ ಭೀಮ್.