ಬೋರಲು ಮಲಗುವವರಿಗೂ ಬೆನ್ನಿದೆ ಸ್ವಾಮೀ!

ಇಲ್ಲಿ ಬರೆಯದೆ ಮೂರು ತಿಂಗಳಾಯ್ತು. ಸೋಮಾರಿತನ ಅಂತ ಬೈಕೋಬೇಡಿ, ಈ ಸಲ ನಿಜವಾದ ಕಾರಣ ಇದೆ. ಸೊಂಟ. ಬೆಳಗ್ಗೆ ಎದ್ದರೆ ಮುಂದಕ್ಕೆ ಬಗ್ಗೋಕೆ ಆಗ್ತಿರಲಿಲ್ಲ. ಎರಡನೇ ಕ್ಲಾಸಿನ ಮಗಳು ತನ್ನ ಶೂ ಲೇಸ್ ಕಟ್ಟಿಕೊಂಡು, ಆಮೇಲೆ ನನ್ನದನ್ನೂ ಕಟ್ಟಿ, "ಅಪ್ಪಾ, ಟೈಟಾಯ್ತಾ?" ಅಂತ ಕೇಳೋಳು. ಈಗ ನಗು ಬರುತ್ತೆ. ಆಗ ಬರ್ತಿರಲಿಲ್ಲ.

ನಾನು ಬೋರಲು ಮಲಗೋನು. ಚಿಕ್ಕಂದಿನಿಂದಲೂ ಅಷ್ಟೇ. ಅಮ್ಮ ರಾತ್ರಿ ಎಷ್ಟು ಸಲ ತಿರುಗಿಸಿ ಮಲಗಿಸಿದರೂ ಬೆಳಗ್ಗೆ ಮತ್ತೆ ದಿಂಬಿಗೆ ಮುಖ. ಡಾಕ್ಟರು ನೋಡಿ, ನರಕ್ಕೇನೂ ತೊಂದರೆಯಿಲ್ಲ ಅಂದರು. (ಕಾಲು ಜೋಮು ಹಿಡಿಯೋದು, ಕಾಲಲ್ಲಿ ಬಲ ಕಮ್ಮಿಯಾಗೋದು, ಮೂತ್ರದ ಹಿಡಿತ ತಪ್ಪೋದು, ಜ್ವರ ಇದ್ದರೆ ಹಾಸಿಗೆ ಅಂಗಡಿಗಲ್ಲ, ಮೊದಲು ಡಾಕ್ಟರ ಹತ್ತಿರ ಓಡಿ.) ಒಂದಷ್ಟು ವ್ಯಾಯಾಮ ಹೇಳಿಕೊಟ್ಟು, ಮಲಗೋ ಭಂಗಿ ಬದಲಿಸಿಕೊಳ್ಳಿ ಅಂದರು. ಒಳ್ಳೇ ಸಲಹೆ, ನಿಮಗೆ ಸಾಧ್ಯವಾದರೆ ಖಂಡಿತ ಮಾಡಿ. ನಾನೂ ಪ್ರಯತ್ನಪಟ್ಟೆ. ಆದರೆ ನಿದ್ದೆ ಬಂದಮೇಲೂ ಮಾತು ಕೇಳೋ ದೇಹ ಯಾರದಿದೆ ಹೇಳಿ?

ಸರಿ, ಹಾಸಿಗೆಯನ್ನಾದರೂ ಬದಲಿಸೋಣ ಅಂತ ಹೊರಟೆ. ನನ್ನ ಸಿಟ್ಟು ಶುರುವಾಗಿದ್ದು ಅಲ್ಲಿಂದ.

ಅಂಗಡಿ ತುಂಬಾ ಒಂದೇ ಪದ: ಆರ್ಥೋಪೆಡಿಕ್! ಮೆತ್ತಗಿರೋದೂ ಆರ್ಥೋ, ಹಲಗೆಯಂತಿರೋದೂ ಆರ್ಥೋ, ಪುಕ್ಕಟೆ ಕೊಡೋ ದಿಂಬೂ ಆರ್ಥೋ. 1741ರಲ್ಲಿ ನಿಕೊಲಾ ಆಂಡ್ರಿ ಅನ್ನೋ ಫ್ರೆಂಚ್ ವೈದ್ಯ ಗ್ರೀಕಿನ 'ನೆಟ್ಟಗೆ' ಮತ್ತು 'ಮಗು' ಅನ್ನೋ ಎರಡು ಪದ ಸೇರಿಸಿ ಈ ಹೆಸರು ಕಟ್ಟಿದ. ಮಕ್ಕಳ ಮೈಯ ಸೊಟ್ಟವನ್ನು ತಡೆಯೋದು, ಸರಿಪಡಿಸೋದು ಅವನ ಪುಸ್ತಕದ ವಿಷಯ. ಆ ಪದ ಈಗ ಹಾಸಿಗೆಯ ಚೀಟಿ ಮೇಲೆ ಕೂತಿದೆ. ಅಷ್ಟು ಮಾತ್ರಕ್ಕೆ ಯಾವುದೋ ಮೂಳೆ ಡಾಕ್ಟರು ಅದನ್ನು ಮುಟ್ಟಿ ನೋಡಿದ್ದಾರೆ ಅಂತ ಅರ್ಥವಲ್ಲ.

"ಮೆಮೊರಿ ಫೋಮ್ ತಗೊಳ್ಳಿ ಸಾರ್, ನಾಸಾ ಟೆಕ್ನಾಲಜಿ." ನಿಜ, ನಾಸಾದ್ದೇ. 1966ರಲ್ಲಿ ಹುಟ್ಟಿದ್ದು. ಯಾತಕ್ಕೆ? ವಿಮಾನದ ಸೀಟಿನ ಮೆತ್ತೆಗೆ! ಅಂದರೆ ಕೂತವರಿಗೆ, ನನ್ನ ಹಾಗೆ ಕವುಚಿ ಬಿದ್ದವರಿಗಲ್ಲ. ಮೈ ಬಿಸಿಗೆ ಅದು ಇನ್ನೂ ಮೆತ್ತಗಾಗುತ್ತೆ, ಭಾರ ಎಲ್ಲಿ ಹೆಚ್ಚೋ ಅಲ್ಲಿ ಹೆಚ್ಚು ತಗ್ಗುತ್ತೆ. ಬೋರಲು ಮಲಗಿದಾಗ ಭಾರ ಇರೋದು ಹೊಟ್ಟೆ-ಸೊಂಟದ ಹತ್ತಿರ (ನನ್ನ ಹೊಟ್ಟೆ ನೋಡಿದವರಿಗೆ ವಿವರಣೆ ಬೇಕಿಲ್ಲ). ನಡು ಕೆಳಗಿಳಿದು ಎದೆ, ಕಾಲು ಮೇಲೇ ಉಳಿದರೆ ಬೆನ್ನು ಸಡಿಲವಾದ ನವಾರು ಮಂಚದ ಥರ ಜೋತು ಬೀಳುತ್ತೆ. ರಾತ್ರಿಯೆಲ್ಲಾ ಹಾಗೇ ಇದ್ದರೆ ಬೆಳಗ್ಗೆ ಲೇಸ್ ಕಟ್ಟೋಕೆ ಮಗಳೇ ಬೇಕು.

ಇಷ್ಟೆಲ್ಲಾ ಗೊತ್ತಾಗಿದ್ದು 22,000 ರೂಪಾಯಿ ಕೊಟ್ಟಮೇಲೆ. "ಮಲಗಿದ ಹಾಸಿಗೆ ವಾಪಸ್ ತಗೊಳ್ಳಲ್ಲ ಸಾರ್." ವಾರಂಟಿ ಕಾರ್ಡ್ ತೆಗೆದು ನೋಡಿದರೆ ಒಂದು ಇಂಚಿಗಿಂತ ಕಮ್ಮಿ ತಗ್ಗು ಬಿದ್ದರೆ ಅದು ತಗ್ಗೇ ಅಲ್ಲವಂತೆ. ತಪ್ಪು ನನ್ನದೂ ಇದೆ. ಕಲ್ಲಂಗಡಿ ಹಣ್ಣನ್ನು ನಾಲ್ಕು ಕಡೆ ತಟ್ಟಿ ನೋಡಿ ತಗೊಳ್ಳೋ ನಾನು, ಹಾಸಿಗೆ ತುದಿಯಲ್ಲಿ ಕೂತು ಎರಡು ಸಲ ಕುಪ್ಪಳಿಸಿ ದುಡ್ಡು ಎಣಿಸಿದೆ. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಬೋರಲು ಬೀಳೋಕೆ ನಾಚಿಕೆ! ಈಗ ಹೇಳ್ತೀನಿ ಕೇಳಿ, ಚಪ್ಪಲಿ ಬಿಟ್ಟು ಬೀಳಿ. ಹತ್ತು ನಿಮಿಷ ಬಿದ್ದಿರಿ. ಜೊತೆಗೆ ಬಂದವರು ಪಕ್ಕದಿಂದ ನೋಡಲಿ, ಸೊಂಟ ಹೂತುಹೋಗಿದೆಯೋ ಇಲ್ಲವೋ ಅಂತ.

ಇನ್ನು ಎರಡನೇ ಪಂಗಡ, ನಮ್ಮ ಚಿಕ್ಕಪ್ಪನವರದ್ದು. "ಹಾಸಿಗೆಯೇ ಬೇಡ ಕಣೋ, ನೆಲದ ಮೇಲೆ ಚಾಪೆ ಹಾಕ್ಕೊಂಡು ಮಲಗು, ನಮಗೆಲ್ಲ ಎಲ್ಲಿತ್ತು ಬೆನ್ನುನೋವು?" ಹತ್ತು ದಿನ ಮಲಗಿದೆ. ಸೊಂಟದ ಜೊತೆ ಪಕ್ಕೆಲುಬು, ಮಂಡಿಚಿಪ್ಪೂ ನೋಯೋಕೆ ಶುರು. ಗಟ್ಟಿಯಾದಷ್ಟೂ ಒಳ್ಳೇದು ಅನ್ನೋ ಈ ನಂಬಿಕೆಯನ್ನು ಸ್ಪೇನಿನಲ್ಲಿ ಪರೀಕ್ಷೆಗೇ ಹಚ್ಚಿದ್ದರು. 2003ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಕಾರಣ ಇಂಥದ್ದೇ ಅಂತ ಹೇಳಲಾಗದ ಹಳೇ ಸೊಂಟನೋವಿನ 313 ಜನಕ್ಕೆ ಕೆಲವರಿಗೆ ಗಟ್ಟಿ, ಕೆಲವರಿಗೆ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು 90 ದಿನ ನೋಡಿದರು. ಹೆಚ್ಚು ಆರಾಮ ಕಂಡಿದ್ದು ಮಧ್ಯಮದವರು. ಬೋರಲು ಮಲಗೋರನ್ನೇ ಆರಿಸಿ ಮಾಡಿದ ಪರೀಕ್ಷೆಯಲ್ಲ ಅದು, ನಿಜ. ಆದರೆ ಹಲಗೆಯೇ ಮದ್ದು ಅನ್ನೋರ ಬಾಯಿ ಮುಚ್ಚಿಸೋಕೆ ಸಾಕು. ಪಕ್ಕಕ್ಕೆ ಮಲಗೋರಿಗೆ ಭುಜ ಒಳಗಿಳಿಯೋಕೆ ಸ್ವಲ್ಪ ಮೆತ್ತಗೆ ಬೇಕು. ನಮಗೆ ನಡು ಇಳಿಯಬಾರದು, ಪಕ್ಕೆಲುಬೂ ಒತ್ತಬಾರದು. ಅಷ್ಟೇ ಲೆಕ್ಕ.

ಮತ್ತೊಂದು ಮೋಸದ ಪದ 'ಡೆನ್ಸಿಟಿ'. "40 ಡೆನ್ಸಿಟಿ ಸಾರ್, ಅದಕ್ಕೇ ಗಟ್ಟಿ." ಅಲ್ಲ! ಅದು ಒಂದು ಘನ ಮೀಟರ್ ಫೋಮಿನ ತೂಕ, ಕೆಜಿಯಲ್ಲಿ. ಬಾಳಿಕೆ ಬಗ್ಗೆ ಒಂದಿಷ್ಟು ಹೇಳುತ್ತೆ, ಗಟ್ಟಿತನ ಬೇರೆ ವಿಷಯ. 40 ಡೆನ್ಸಿಟಿಯಲ್ಲೇ ಮೆತ್ತನೆಯದೂ ಮಾಡಬಹುದು. ಅವರು ಹೇಳೋ ಸಂಖ್ಯೆ ನಿಜವೋ ಅಂತ ನೋಡೋಕೆ ತಕ್ಕಡಿ ಸಾಕು. ಆರಡಿ ಉದ್ದ, ಐದಡಿ ಅಗಲ, ನಾಲ್ಕಿಂಚು ದಪ್ಪದ ಬರೀ ಫೋಮು 40ರದ್ದಾದರೆ ಸುಮಾರು 11 ಕೆಜಿ ತೂಗಬೇಕು, 32ರದ್ದಾದರೆ 9. ಹಳೇ ಪೇಪರ್‌ನವನ ತಕ್ಕಡಿಯಲ್ಲಿ ಬೇಡ ಮತ್ತೆ, ಅವನ ಲೆಕ್ಕವೇ ಬೇರೆ :-)

ಕೊನೆಗೆ ನಾನು ಮಾಡಿದ್ದು? ಅಟ್ಟದ ಮೇಲೆ ಸುತ್ತಿಟ್ಟಿದ್ದ ಅಮ್ಮನ ಹತ್ತಿ ಹಾಸಿಗೆ ಇಳಿಸಿದೆ. ಮುಂಚೆ ಬೇಸಿಗೆ ಬಂದರೆ ಬೀದಿಗೆ ಹತ್ತಿ ಹಿಂಜೋರು ಬರ್ತಿದ್ದರು, ಬಿಲ್ಲಿನ ಟಂಯ್ ಟಂಯ್ ಸದ್ದು ನೆನಪಿದೆಯಾ? ಈಗ ಮೆಷಿನ್ ಇಟ್ಟಿರೋ ಒಬ್ಬರನ್ನು ಹುಡುಕಿಕೊಂಡು ಹೋದೆ. ವಯಸ್ಸಾದವರು. ನನ್ನ ಕಥೆಯೆಲ್ಲ ಕೇಳಿ, "ನಡುವಿಗೆ ಹತ್ತಿ ಜಾಸ್ತಿ ಹಾಕಿ ಬಿಗಿಯಾಗಿ ಹೊಲೀತೀನಿ ಬಿಡಿ, ಭುಜದ ಹತ್ರ ಸ್ವಲ್ಪ ಕಮ್ಮಿ" ಅಂದರು. ಆರ್ಥೋ ಅನ್ನೋ ಪದವೇ ಅವರ ಬಾಯಲ್ಲಿ ಬರಲಿಲ್ಲ. ಹೊಸ ಗವುಸೂ ಸೇರಿ, ಆ 22,000ದ ಮುಂದೆ ಲೆಕ್ಕಕ್ಕಿಲ್ಲದಷ್ಟು ದುಡ್ಡು. ವರ್ಷಕ್ಕೊಮ್ಮೆ ಮತ್ತೆ ಹಿಂಜಿಸಬೇಕು, ಇಲ್ಲದಿದ್ದರೆ ಇದೂ ಗುಂಡಿ ಬೀಳುತ್ತೆ ಅಂತ ಅವರೇ ಹೇಳಿದರು. ಯಾವ ವಾರಂಟಿ ಕಾರ್ಡಿನಲ್ಲಿ ಇಂಥ ಮಾತಿದೆ?

ತಲೆದಿಂಬನ್ನು ತೆಗೆದು ಹಾಕಿದೆ, ಕತ್ತು ಹಿಂದಕ್ಕೆ ಬಾಗೋದು ತಪ್ಪಿತು. ಮಡಿಸಿದ ಹಳೇ ಹೊದಿಕೆಯೊಂದು ಕಿಬ್ಬೊಟ್ಟೆ ಕೆಳಗೆ. ವ್ಯಾಯಾಮ ನಡೀತಿದೆ. ನೋವು ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳಲ್ಲ, ಲೇಸ್ ಮಾತ್ರ ನಾನೇ ಕಟ್ಕೋತೀನಿ.

ನಾಸಾ ಹಾಸಿಗೆ ಪಕ್ಕದ ರೂಮಿನಲ್ಲಿದೆ. ಹೋದ ವಾರ ಚಿಕ್ಕಪ್ಪ ಬಂದಿದ್ದರು, ಅದರ ಮೇಲೇ ಮಲಗಿಸಿದೆ. ಬೆಳಗ್ಗೆ ಕಾಫಿ ತಗೊಂಡು ಹೋಗಿ ನೋಡಿದರೆ ಚಾಪೆ ಮೂಲೆಯಲ್ಲೇ ಇದೆ, ಅವರು ಹಾಸಿಗೆಯಲ್ಲಿ ಗೊರಕೆ ಹೊಡೀತಿದ್ದಾರೆ. ಅಂಗಾತ, ಅನ್ನಿ.